ಎಪ್ಪತ್ತೆರಡರಲ್ಲೊಂದು ಕಾನ್‌ಸ್ಟಲೇಷನ್

ಲಾಕ್‌ಹೀಡ್ ಕಾನ್‌ಸ್ಟಲೇಷನ್ ವಿಮಾನದ ಒಡಲು ಪಕ್ಕದಿಂದ ನೋಡಿದರೆ ಮೀನಿನಂತೆ ಬಳುಕಿದೆ. ಮೂತಿ ತುಸು ಕೆಳಕ್ಕೆ ಬಾಗಿದೆ, ಹಿಂಭಾಗ ಮೇಲಕ್ಕೆ ಎದ್ದಿದೆ, ಅಡ್ಡಕ್ಕೆ ಕೊಯ್ದರೆ ಕಾಣುವ ವೃತ್ತದ ಅಳತೆ ಮೂತಿಯಿಂದ ಬಾಲದವರೆಗೆ ಬದಲಾಗುತ್ತಲೇ ಹೋಗುತ್ತದೆ. ಇದು ಚೆಂದಕ್ಕಾಗಿ ಮಾಡಿದ್ದಲ್ಲ. ನಾಲ್ಕು ಎಂಜಿನ್‌ಗಳ ಪ್ರೊಪೆಲ್ಲರ್‌ಗಳು ಒಂದೊಂದೂ ನಾಲ್ಕೂವರೆ ಮೀಟರಿಗಿಂತ ಅಗಲವಾಗಿದ್ದವು. ಅವು ನೆಲಕ್ಕೆ ತಾಗಬಾರದೆಂದರೆ ವಿಮಾನ ಎತ್ತರದ ಕಾಲುಗಳ ಮೇಲೆ ನಿಲ್ಲಬೇಕು. ಮೂತಿಯನ್ನು ಬಗ್ಗಿಸಿದ್ದರಿಂದ ಮುಂಗಾಲಿನ ಉದ್ದ ಒಂದಿಷ್ಟು ಉಳಿಯಿತು. ಬಾಲವನ್ನು ಎತ್ತಿದ್ದರಿಂದ ಅದು ಪ್ರೊಪೆಲ್ಲರ್‌ಗಳು ತಳ್ಳುವ ಗಾಳಿಯ ಹಾದಿಯಿಂದ ಪಾರಾಯಿತು. ಒಂದು ಎತ್ತರದ ಬಾಲದ ಬದಲು ಮೂರು ಗಿಡ್ಡ ಬಾಲಗಳು ಬಂದದ್ದಂತೂ ತೀರ ಲೌಕಿಕ ಕಾರಣಕ್ಕೆ: ಆ ಕಾಲದ ಹ್ಯಾಂಗರ್‌ಗಳ ಬಾಗಿಲೊಳಗೆ ವಿಮಾನ ಹೋಗಬೇಕಿತ್ತು.

1943ರ ಜನವರಿ 9ರಂದು ಮೊದಲು ಹಾರಿದ ಈ ವಿಮಾನ ಮುಂದೆ ಹಲವು ರೂಪಗಳಲ್ಲಿ ಬಂತು. ಎಲ್ಲ ಸೇರಿ 856 ವಿಮಾನಗಳು ತಯಾರಾದವು. 1950ರ ಅಕ್ಟೋಬರ್‌ನಲ್ಲಿ ಹಾರಿದ ಎಲ್-1049, ಅಂದರೆ ಸೂಪರ್ ಕಾನ್‌ಸ್ಟಲೇಷನ್, ಹಿಂದಿನದಕ್ಕಿಂತ ಸುಮಾರು 5.6 ಮೀಟರ್ ಉದ್ದ. ರೆಕ್ಕೆಯ ಮುಂದೊಂದು ಹಿಂದೊಂದು ಕೊಳವೆ ತುಂಡು ಸೇರಿಸಿ ಒಡಲನ್ನು ಹಿಗ್ಗಿಸಲಾಗಿತ್ತು. ಜೆಟ್‌ಗಳು ಬರುವ ಮುನ್ನ ಸಾಗರ ದಾಟುತ್ತಿದ್ದ ದೊಡ್ಡ ವಿಮಾನಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ. ಭಾರತಕ್ಕೂ ಇದರ ನಂಟು ಹಳೆಯದು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ವಿಮಾನ ಮುಂಬಯಿಯಿಂದ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತಲ್ಲ, ‘ಮಲಬಾರ್ ಪ್ರಿನ್ಸೆಸ್’ ಹೆಸರಿನ ಆ ವಿಮಾನ ಎಲ್-749 ಮಾದರಿಯ ಕಾನ್‌ಸ್ಟಲೇಷನ್. 1950ರ ದಶಕದಲ್ಲಿ ಬಂದ ಸೂಪರ್ ಕಾನ್‌ಸ್ಟಲೇಷನ್‌ಗಳಿಗೆ ‘ರಾಣಿ ಆಫ್ ಝಾನ್ಸಿ’, ‘ರಾಣಿ ಆಫ್ ಇಂಡ್’ ಎಂಬಂಥ ಹೆಸರುಗಳಿದ್ದವು. 1960ರಲ್ಲಿ ಬೋಯಿಂಗ್ 707 ಬಂದ ಮೇಲೆ ರಾಣಿಯರ ಕಾಲ ಮುಗಿಯತೊಡಗಿತು.

ಪ್ಲಾಸ್ಟಿಕ್ ಕಿಟ್‌ಗಳಿಂದ ವಿಮಾನದ ಮಾದರಿ ಕಟ್ಟುವವರಿಗೆ ಕಾನ್‌ಸ್ಟಲೇಷನ್ ಬಹುಕಾಲದ ಆಸೆ, ಅಷ್ಟೇ ಹಳೆಯ ತಲೆನೋವು. ಅದರ ಸೂಪರ್ ರೂಪಕ್ಕೆ ರೆಕ್ಕೆಯ ಹರವು 37.5 ಮೀಟರ್, ಉದ್ದ 34.6 ಮೀಟರ್. ಮಾದರಿಗಾರರಲ್ಲಿ ಬಹಳ ಬಳಕೆಯ 1:72 ಪ್ರಮಾಣಕ್ಕೆ ಇಳಿಸಿದರೆ ರೆಕ್ಕೆ 52 ಸೆಂಟಿಮೀಟರ್, ಉದ್ದ 48 ಸೆಂಟಿಮೀಟರ್ ಆಗುತ್ತದೆ. ನೈಜ ವಿಮಾನದ ಆರು ಅಡಿ ಮಾದರಿಯ ಒಂದು ಅಂಗುಲ ಎಂಬ ಲೆಕ್ಕದಿಂದ ಹುಟ್ಟಿದ ಪ್ರಮಾಣವಿದು. 1930ರ ದಶಕದ ಇಂಗ್ಲೆಂಡಿನಲ್ಲಿ ಮರದ ಮಾದರಿಗಳೊಂದಿಗೆ ಚಾಲ್ತಿಗೆ ಬಂದು, ಆಮೇಲೆ ಪ್ಲಾಸ್ಟಿಕ್‌ಗೂ ದಾಟಿತು. ಪ್ರಯಾಣಿಕ ವಿಮಾನಗಳ ಮಟ್ಟಿಗೆ ಇದರ ಅರ್ಧದಷ್ಟಿರುವ 1:144 ಹೆಚ್ಚು ಜನಪ್ರಿಯ, ಏಕೆಂದರೆ ಕಪಾಟಿನಲ್ಲಿ ಹಿಡಿಸುತ್ತದೆ. ಆದರೆ ದೊಡ್ಡ ಅಳತೆಯ ಕಾನ್‌ಸ್ಟಲೇಷನ್ ಬೇಕೆನ್ನುವವರು ಬಹುಕಾಲ ಆಶ್ರಯಿಸಿದ್ದು ಫ್ರಾನ್ಸಿನ ಹೆಲ್ಲರ್ ಕಂಪನಿಯ 1:72 ಕಿಟ್ಟನ್ನು. ನಾಲ್ಕು ದಶಕಗಳಿಗೂ ಹಿಂದಿನ ಅಚ್ಚು ಅದು.

ಯುದ್ಧವಿಮಾನದ ಮಾದರಿ ಕಟ್ಟಿ ಪಳಗಿದವರೂ ಪ್ರಯಾಣಿಕ ವಿಮಾನದ ಮುಂದೆ ಎಡವುವುದುಂಟು. ಯುದ್ಧವಿಮಾನದ ಮೇಲೆ ಹಸಿರು-ಕಂದು ಪಟ್ಟೆ ಬಳಿಯುತ್ತಾರೆ, ಬಣ್ಣ ಮಂಕಾಗಿರುತ್ತದೆ, ಮಸಿ, ಎಣ್ಣೆ ಕಲೆ, ಗುಂಡಿನ ತೂತು ಎಲ್ಲಕ್ಕೂ ಅಲ್ಲಿ ಜಾಗವಿದೆ. ಒಂದು ಸಂದು ಸರಿಯಾಗಿ ಮುಚ್ಚದಿದ್ದರೆ ಅದರ ಮೇಲೊಂದು ಕಲೆ ಎಳೆದು ದಾಟಿಸಿಬಿಡಬಹುದು. ಪ್ರಯಾಣಿಕ ವಿಮಾನ ಹಾಗಲ್ಲ. ಉದ್ದನೆಯ ನುಣುಪಾದ ಒಡಲು, ಹೊಳೆಯುವ ಬಿಳಿ ಚಾವಣಿ, ಅದರ ಕೆಳಗೆ ಕನ್ನಡಿಯಂಥ ಲೋಹ, ನಡುವೆ ಮೂತಿಯಿಂದ ಬಾಲದವರೆಗೆ ಓಡುವ ಒಂದು ಪಟ್ಟಿ. ಕೂದಲೆಳೆಯಷ್ಟು ಗೀರು ಉಳಿದರೂ ಬೆಳಕು ಅದನ್ನು ಎತ್ತಿ ತೋರಿಸುತ್ತದೆ. ಹೀಗಾಗಿ ಇಲ್ಲಿ ಮಾಡುವ ಕೆಲಸದ ಬಹುಪಾಲು, ಕೆಲಸ ಮಾಡಿದ್ದೇ ಗೊತ್ತಾಗದಂತೆ ಅಳಿಸುವ ಕೆಲಸ. ಬಿಡಿಭಾಗಗಳ ಸಂಖ್ಯೆ ನೋಡಿ ಕಿಟ್‌ನ ಕಷ್ಟ ಅಳೆಯುವವರು ಮೋಸಹೋಗುವುದು ಇಲ್ಲಿಯೇ. ಇನ್ನೂರು ಚೂರುಗಳ ಹೊಸ ಫೈಟರ್ ಕಿಟ್ ಸಲೀಸಾಗಿ ಕೂಡಿಕೊಂಡೀತು. ಅರವತ್ತು ಚೂರುಗಳ ಹಳೆಯ ಪ್ರಯಾಣಿಕ ವಿಮಾನ ತಿಂಗಳುಗಟ್ಟಲೆ ಬೆವರಿಳಿಸೀತು.

ಕಿಟ್ ಕಷ್ಟದ್ದಾಗುವುದರ ಮೂಲ ಅದನ್ನು ತಯಾರಿಸಿದ ಅಚ್ಚಿನಲ್ಲಿದೆ. ಸಾಮಾನ್ಯ ಕಿಟ್‌ನಲ್ಲಿ ಉಕ್ಕಿನ ಎರಡು ಅಚ್ಚುಗಳ ನಡುವೆ ಕರಗಿದ ಪಾಲಿಸ್ಟೈರೀನನ್ನು ಭಾರಿ ಒತ್ತಡದಲ್ಲಿ ನುಗ್ಗಿಸುತ್ತಾರೆ. ಹಳೆಯ ಕಿಟ್‌ಗಳಲ್ಲಿ ಲೋಹದ ಹಾಳೆಗಳ ಅಂಚುಗಳನ್ನು ಉಬ್ಬುಗೆರೆಗಳಾಗಿ ತೋರಿಸಿದ್ದಕ್ಕೆ ಕಾರಣವೂ ಇದೇ: ಅಚ್ಚಿನಲ್ಲಿ ಗೀರು ಕೊರೆದರೆ ಸಾಕು, ಪ್ಲಾಸ್ಟಿಕ್‌ನಲ್ಲಿ ಉಬ್ಬು ಮೂಡುತ್ತದೆ. ಪ್ಲಾಸ್ಟಿಕ್‌ನಲ್ಲಿ ತಗ್ಗುಗೆರೆ ಬೇಕೆಂದರೆ ಅಚ್ಚಿನಲ್ಲಿ ಏಣು ನಿಲ್ಲಿಸಿ ಸುತ್ತಲಿನ ಉಕ್ಕನ್ನೆಲ್ಲ ತೆಗೆಯಬೇಕು, ಅದು ದುಬಾರಿ. ಅಚ್ಚು ಸವೆದಂತೆ ಅಂಚುಗಳಿಂದ ಪ್ಲಾಸ್ಟಿಕ್ ತೆಳ್ಳನೆಯ ಪೊರೆಯಾಗಿ ಸೋರುತ್ತದೆ. ದಪ್ಪ ಇರುವಲ್ಲಿ ಆರುವಾಗ ಕುಗ್ಗಿ ಗುಳಿ ಬೀಳುತ್ತದೆ. ಅರ್ಧ ಮೀಟರ್ ಉದ್ದದ ಒಡಲಿನ ಹೋಳು ಪೆಟ್ಟಿಗೆಯಲ್ಲೇ ಸೊಟ್ಟಗಾಗುತ್ತದೆ.

ಇದಕ್ಕಿಂತ ಒರಟು ಎಂದರೆ ಸಣ್ಣ ಪ್ರಮಾಣದಲ್ಲಿ ಹೊರಬರುವ ಕಿಟ್‌ಗಳು. ಕೆಲವು ಸಾವಿರ ಗಿರಾಕಿಗಳೂ ಇಲ್ಲದ ವಿಮಾನಕ್ಕೆ ಉಕ್ಕಿನ ಅಚ್ಚು ಮಾಡಿಸಿದರೆ ಅಸಲು ಹುಟ್ಟುವುದಿಲ್ಲವಾದ್ದರಿಂದ ಮೆದು ಸಾಮಗ್ರಿಯ ಅಚ್ಚು, ಕಡಿಮೆ ಒತ್ತಡ ಬಳಸುತ್ತಾರೆ. ಎರಡು ಹೋಳುಗಳನ್ನು ಸರಿಯಾಗಿ ಕೂರಿಸುವ ಗೂಟ-ಕುಳಿಗಳು ಅವುಗಳಲ್ಲಿ ಇರುವುದಿಲ್ಲ, ರೆಕ್ಕೆಯ ಹಿಂಬದಿಯ ಅಂಚು ಹಲಗೆಯಷ್ಟು ದಪ್ಪ. ಅದಕ್ಕೂ ಆಚೆಗೆ ನಿರ್ವಾತದ ಕಿಟ್‌ಗಳಿವೆ. ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಕೆಳಗಿನ ಗಾಳಿ ಎಳೆದು ಆಕಾರ ಮೂಡಿಸಿರುತ್ತಾರೆ. ಕೊಂಡವರಿಗೆ ಸಿಗುವುದು ಉಬ್ಬು ತಗ್ಗುಗಳುಳ್ಳ ಒಂದು ಬಿಳಿ ಹಾಳೆ ಮಾತ್ರ. ಆಕಾರದ ಸುತ್ತ ಪೆನ್ಸಿಲ್ ಗೆರೆ ಎಳೆದು, ಚಾಕುವಿನಿಂದ ಗೀರಿ ಮುರಿದು, ಒದ್ದೆ ಎಮರಿ ಪೇಪರಿನ ಮೇಲೆ ಹೋಳನ್ನು ವೃತ್ತಾಕಾರದಲ್ಲಿ ಉಜ್ಜುತ್ತ ಹಾಳೆಯ ದಪ್ಪದಷ್ಟನ್ನೇ ಸವೆಸಬೇಕು. ಪೆನ್ಸಿಲ್ ಗೆರೆ ಮಾಯವಾಗುವ ಹೊತ್ತಿಗೆ ನಿಲ್ಲಿಸಬೇಕು. ಇನ್ನೆರಡು ಸುತ್ತು ಉಜ್ಜಿದರೆ ವೃತ್ತವಾಗಬೇಕಾದ ಒಡಲು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಅಂಟು ಮುಟ್ಟುವ ಮೊದಲು ತೀರ್ಮಾನವಾಗಬೇಕಾದ ಸಂಗತಿಯೊಂದಿದೆ: ಯಾವ ವಿಮಾನ, ಯಾವ ವರ್ಷ? ಪೆಟ್ಟಿಗೆಯ ಮೇಲಿನ ಚಿತ್ರವನ್ನು ನಂಬಿ ಹೊರಟರೆ ಇಲ್ಲದ ವಿಮಾನವೊಂದು ತಯಾರಾದೀತು. ಮಲಬಾರ್ ಪ್ರಿನ್ಸೆಸ್ ಕಟ್ಟಬೇಕೆಂದು ಸೂಪರ್ ಕಾನ್‌ಸ್ಟಲೇಷನ್ ಕಿಟ್ ಕೊಂಡವರು ಒಡಲಿನಿಂದ ಎಂಟು ಸೆಂಟಿಮೀಟರ್‌ನಷ್ಟು ಕತ್ತರಿಸಿದರೆ ಕೆಲಸ ಮುಗಿಯುವುದಿಲ್ಲ. ಎಲ್-749ರ ಕಿಟಕಿಗಳು ದುಂಡಗೆ, ಎಲ್-1049ರವು ಚೌಕ. ಕಾಕ್‌ಪಿಟ್‌ನ ಗಾಜುಗಳ ಜೋಡಣೆ ಬೇರೆ, ಬಾಲದ ಎತ್ತರ ಬೇರೆ. ಸೂಪರ್‌ಗಳಲ್ಲೂ ಹವಾಮಾನ ರಾಡಾರ್ ಇರುವ ಉದ್ದ ಮೂತಿಯವು ಕೆಲವು, ಇಲ್ಲದವು ಕೆಲವು. ರೆಕ್ಕೆಯ ತುದಿಗೆ ಇಂಧನದ ಟ್ಯಾಂಕು ತೊಟ್ಟವು ಕೆಲವು. ಒಂದೇ ವಿಮಾನ ಎರಡು ವರ್ಷಗಳ ಅಂತರದಲ್ಲಿ ಬೇರೆ ಮೂತಿ ಹೊತ್ತು ನಿಂತಿರಬಹುದು. ಆದ್ದರಿಂದ ನೋಂದಣಿ ಸಂಖ್ಯೆ ಕಾಣುವ, ತಾರೀಖು ಗೊತ್ತಿರುವ ಫೋಟೊ ಸಿಕ್ಕುವವರೆಗೆ ಕಾಯುವುದು ಜಾಣತನ. ಮುದ್ರಿತ ನಕ್ಷೆಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಲವು ನಕ್ಷೆಗಳು ಒಂದರಿಂದ ಒಂದು ನಕಲಾದಂಥವು, ತಪ್ಪೂ ಜೊತೆಗೇ ನಕಲಾಗಿರುತ್ತದೆ.

ಕಣ್ಣಾರೆ ನೋಡಬೇಕೆನ್ನುವವರಿಗೆ ಗೋವಾದ ಬೊಗ್ಮಾಲೊದಲ್ಲಿರುವ ನೌಕಾ ವಿಮಾನಯಾನ ವಸ್ತುಸಂಗ್ರಹಾಲಯದಲ್ಲಿ ಒಂದು ಸೂಪರ್ ಕಾನ್‌ಸ್ಟಲೇಷನ್ ಇದೆ. ಕಾರವಾರದಿಂದ ಕೆಲವೇ ಗಂಟೆಗಳ ಹಾದಿ. ಏರ್ ಇಂಡಿಯಾ ಕೈಬಿಟ್ಟ ವಿಮಾನಗಳು ವಾಯುಪಡೆಗೆ ಹೋಗಿ, ಅಲ್ಲಿಂದ 1976ರಲ್ಲಿ ಸಾಗರದ ಮೇಲಿನ ಕಾವಲಿಗಾಗಿ ನೌಕಾಪಡೆಗೆ ಬಂದಿದ್ದವು. ಅವುಗಳಲ್ಲೊಂದಾದ ಇಲ್ಲಿನ ವಿಮಾನದ ಬಣ್ಣ, ಸಲಕರಣೆ ಪ್ರಯಾಣಿಕ ವಿಮಾನದ ಕಾಲದವಲ್ಲ. ಆದರೆ ಚಕ್ರದ ಕಾಲಿನ ಕೊಳವೆಗಳು ಹೇಗೆ ಹಾದಿವೆ, ರೆಕ್ಕೆ ಒಡಲನ್ನು ಸೇರುವಲ್ಲಿ ಲೋಹದ ಹೊದಿಕೆ ಹೇಗೆ ತಿರುಗಿದೆ ಎಂಬುದನ್ನು ಅದರ ಕೆಳಗೆ ನಿಂತು ನೋಡಿದಷ್ಟು ಚೆನ್ನಾಗಿ ಯಾವ ಪುಸ್ತಕವೂ ತಿಳಿಸಲಾರದು.

ಇನ್ನು ಕೆಲಸ. ಅಚ್ಚಿಗೆ ಬಳಿದ ಎಣ್ಣೆಯ ಜಿಡ್ಡು ಪ್ಲಾಸ್ಟಿಕ್‌ಗೆ ಅಂಟಿರುತ್ತದೆಯಾದ್ದರಿಂದ ಬಿಡಿಭಾಗಗಳನ್ನೆಲ್ಲ ಸಾಬೂನಿನ ನೀರಿನಲ್ಲಿ ತೊಳೆಯುವುದು ಮೊದಲು. ಸೊಟ್ಟಗಾದ ಹೋಳನ್ನು ಕೈಗೆ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ ಮೆಲ್ಲಗೆ ಎದುರು ದಿಕ್ಕಿಗೆ ಬಾಗಿಸಿ ತಣ್ಣೀರಿಗೆ ಇಳಿಸಿದರೆ ಬಹುತೇಕ ನೇರವಾಗುತ್ತದೆ. ಕುದಿಯುವ ನೀರು ಬೇಡ, ಪಾಲಿಸ್ಟೈರೀನ್ ಅಲ್ಲಿ ಮೆತ್ತಗಾಗಿ ಆಕಾರವನ್ನೇ ಬಿಟ್ಟುಕೊಡುತ್ತದೆ. ಬಳಿಕ ಅಂಟಿಲ್ಲದೆ ಎಲ್ಲವನ್ನೂ ಟೇಪಿನಲ್ಲಿ ಕಟ್ಟಿ ನಿಲ್ಲಿಸಿ ನೋಡುವುದು. ಬೇಸರದ ಹಂತ, ಆದರೆ ಎಲ್ಲಿ ಸಂದು, ಎಲ್ಲಿ ಮೆಟ್ಟಿಲು, ಎಲ್ಲಿ ವಾರೆ ಎಂಬುದು ಇಲ್ಲೇ ಬಯಲಾಗುತ್ತದೆ. ಹಳೆಯ ಕಿಟ್‌ನ ಸೂಚನಾ ಹಾಳೆ ಹೇಳುವ ಕ್ರಮವನ್ನು ಪಾಲಿಸಬೇಕೆಂದೇನೂ ಇಲ್ಲ. ತೊಂದರೆ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಕ್ರಮ ಬದಲಾಗುತ್ತದೆ.

ಕಾನ್‌ಸ್ಟಲೇಷನ್‌ನ ನಿಜವಾದ ಪರೀಕ್ಷೆ ಒಡಲನ್ನು ಕೂಡಿಸುವುದು. ಎಡ-ಬಲ ಹೋಳುಗಳು ಸೇರುವ ಗೆರೆ ಬೆನ್ನಿನುದ್ದಕ್ಕೂ, ಹೊಟ್ಟೆಯುದ್ದಕ್ಕೂ ಓಡುತ್ತದೆ. ಬೆನ್ನಿನ ಗೆರೆ ಬೀಳುವುದು ಬಿಳಿ ಚಾವಣಿಯ ನೆತ್ತಿಯ ಮೇಲೆ, ಹೊಟ್ಟೆಯದು ಹೊಳೆಯುವ ಲೋಹದ ಮೇಲೆ. ಒಡಲು ನೇರ ಕೊಳವೆಯಾಗಿದ್ದರೆ ಉದ್ದನೆಯ ಮರದ ಪಟ್ಟಿಗೆ ಎಮರಿ ಪೇಪರ್ ಸುತ್ತಿ ಒಮ್ಮೆಗೇ ಉಜ್ಜಿಬಿಡಬಹುದಿತ್ತು. ಇಲ್ಲಿ ಬೆನ್ನು ಮುಂದೆ ಇಳಿಯುತ್ತದೆ, ಹಿಂದೆ ಏರುತ್ತದೆ, ಅಡ್ಡಡ್ಡವಾಗಿ ದುಂಡಗಿದೆ. ಗಟ್ಟಿ ಪಟ್ಟಿ ಹಿಡಿದರೆ ಉಬ್ಬಿದಲ್ಲಿ ಚಪ್ಪಟೆಯಾಗುತ್ತದೆ, ಬರಿ ಬೆರಳಿನಿಂದ ಉಜ್ಜಿದರೆ ಅಲೆಯಲೆಯಾಗುತ್ತದೆ. ಬಾಗುವ ಸ್ಪಂಜಿನ ಮೇಲೆ ಎಮರಿ ಪೇಪರ್ ಹಿಡಿದು ಗೆರೆಗೆ ಓರೆಯಾಗಿ, ದಿಕ್ಕು ಬದಲಿಸುತ್ತ ಉಜ್ಜುವುದು ಅನುಭವಿಗಳ ದಾರಿ.

ಒಡಲನ್ನು ಒಂದೇ ಸಲಕ್ಕೆ ಅಂಟಿಸುವ ಸಾಹಸ ಸಲ್ಲದು. ಒಳಬದಿಯ ಅಂಚಿಗೆ ಎರಡು ಮೂರು ಸೆಂಟಿಮೀಟರಿಗೊಂದರಂತೆ ಪ್ಲಾಸ್ಟಿಕ್ ಹಾಳೆಯ ಚಿಕ್ಕ ನಾಲಿಗೆಗಳನ್ನು ಅಂಟಿಸಿಕೊಂಡರೆ ಎದುರು ಹೋಳು ಅವುಗಳ ಮೇಲೆ ಸಮನಾಗಿ ಕೂರುತ್ತದೆ. ಆಮೇಲೆ ಬಾಲದಿಂದ ಆರಂಭಿಸಿ ನಾಲ್ಕೈದು ಸೆಂಟಿಮೀಟರ್ ಸೇರಿಸುವುದು, ಒಣಗಲು ಬಿಡುವುದು, ಮುಂದಿನ ತುಂಡನ್ನು ಬೆರಳಲ್ಲಿ ಒತ್ತಿ ಸಮ ಮಾಡಿ ಮತ್ತೆ ಸೇರಿಸುವುದು. ಇದಕ್ಕೆ ಬಳಸುವ ನೀರಿನಷ್ಟು ತೆಳುವಾದ ಅಂಟು ನಿಜಕ್ಕೂ ಅಂಟೇ ಅಲ್ಲ, ಪ್ಲಾಸ್ಟಿಕನ್ನು ಕರಗಿಸುವ ದ್ರಾವಕ. ಬ್ರಷ್‌ನ ತುದಿಯಿಂದ ಮುಟ್ಟಿಸಿದರೆ ಸಂದಿನುದ್ದಕ್ಕೂ ತಾನೇ ಹರಿದು ಎರಡೂ ಅಂಚುಗಳನ್ನು ಬೆಸೆಯುತ್ತದೆ. ಅದುಮಿದಾಗ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಾಗಿ ಹೊರಬಂದರೆ ಒಳ್ಳೆಯ ಲಕ್ಷಣ, ಒಣಗಿದ ಮೇಲೆ ಕೆರೆದು ತೆಗೆದರಾಯಿತು. ಆದರೆ ಒಣಗುವುದು ಎಂದರೆ ಮುಟ್ಟಿದರೆ ಅಂಟದಿರುವುದಲ್ಲ. ಒಳಗೆ ಉಳಿದ ದ್ರಾವಕ ದಿನಗಟ್ಟಲೆ ಆರುತ್ತಲೇ ಇರುತ್ತದೆ, ಆರಿದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ. ಅವಸರದಲ್ಲಿ ಉಜ್ಜಿ ಬಣ್ಣ ಬಳಿದವರಿಗೆ ಕೆಲವು ವಾರಗಳ ನಂತರ ಹೊಳೆಯುವ ಚಾವಣಿಯ ನಡುವೆ ಒಂದು ಸಣ್ಣ ಕಾಲುವೆ ಮೂಡಿರುವುದು ಕಾಣುತ್ತದೆ. ಆಗ ಮಾಡಲು ಉಳಿದಿರುವುದೇನೂ ಇಲ್ಲ.

ಒಡಲು ಮುಚ್ಚುವ ಮುನ್ನ ಮೂತಿಗೆ ಭಾರ ತುಂಬಬೇಕು. ಮೂರು ಬಾಲಗಳು, ಉದ್ದನೆಯ ಹಿಂಭಾಗ ಸೇರಿ ಮಾದರಿ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂತುಬಿಡುತ್ತದೆ. ಲೆಕ್ಕ ತಕ್ಕಡಿಯದೇ: ಮುಖ್ಯ ಚಕ್ರಗಳೇ ಆಧಾರಬಿಂದು. ಹಿಂದಿನ ಹೆಚ್ಚುವರಿ ಭಾರ 20 ಗ್ರಾಂ ಆಗಿ ಅದು ಚಕ್ರದಿಂದ 15 ಸೆಂಟಿಮೀಟರ್ ದೂರವಿದ್ದರೆ, ಮುಂದೆ 15 ಸೆಂಟಿಮೀಟರ್ ದೂರದಲ್ಲಿ 20 ಗ್ರಾಂ ಸಾಕು. 10 ಸೆಂಟಿಮೀಟರ್ ದೂರದಲ್ಲಾದರೆ 30 ಗ್ರಾಂ ಬೇಕು. ಹಾಗಾಗಿ ಭಾರ ಮೂತಿಯ ತುದಿಗೆ ಹತ್ತಿರವಿದ್ದಷ್ಟೂ ಉಳಿತಾಯ. ಬಣ್ಣ, ಪುಟ್ಟಿ, ಪ್ರೊಪೆಲ್ಲರ್‌ಗಳ ಲೆಕ್ಕ ಆಮೇಲೆ ಬರುವುದರಿಂದ ಒಂದಿಷ್ಟು ಹೆಚ್ಚೇ ಹಾಕುತ್ತಾರೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಅವನ್ನು ಹಿಡಿದಿಡಲು ಮರಗೆಲಸದ ಬಿಳಿ ಅಂಟು ಮಾತ್ರ ಬಳಸಬಾರದು. ಅದರಿಂದ ಹೊರಬರುವ ಆಮ್ಲ ಸೀಸವನ್ನು ನಿಧಾನವಾಗಿ ಬಿಳಿಯ ಕಾರ್ಬೊನೇಟ್ ಆಗಿ ಪರಿವರ್ತಿಸುತ್ತದೆ, ಅದು ಉಬ್ಬುತ್ತದೆ. ವರ್ಷಗಳ ಮೇಲೆ ಒಡಲಿನ ಸಂದು ತಾನಾಗಿ ಬಿರಿದ ಮಾದರಿಗಳ ಕಥೆ ಈ ಹವ್ಯಾಸದವರಿಗೆ ಹೊಸತಲ್ಲ. ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಅಂಟು ಸುರಕ್ಷಿತ.

ಭಾರ ತುಂಬಿದ್ದರ ಫಲವಾಗಿ ಇನ್ನೊಂದು ತೊಡಕು ಎದುರಾಗುತ್ತದೆ. ಕಾನ್‌ಸ್ಟಲೇಷನ್‌ನ ಮುಂಗಾಲು ಬಾಗಿದ ಮೂತಿಯ ಹೊರತಾಗಿಯೂ ಉದ್ದ, ಸಪೂರ. ಪ್ಲಾಸ್ಟಿಕ್‌ನಲ್ಲಿ ಮಾಡಿದ ಅಂಥ ಕಾಲು ಭಾರ ಹೊತ್ತು ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಬಾಗುತ್ತದೆ. ಹಿತ್ತಾಳೆಯ ಕೊಳವೆಯಿಂದ ಹೊಸ ಕಾಲು ಮಾಡಿಕೊಳ್ಳುವುದು ಶ್ರಮದ್ದಾದರೂ ನೆಮ್ಮದಿಯದು.

ಕಿಟಕಿಗಳ ವಿಷಯದಲ್ಲಿ ಒಮ್ಮತವಿಲ್ಲ. ಕಿಟ್ ಕೊಡುವ ಪಾರದರ್ಶಕ ಪಟ್ಟಿಯನ್ನು ಒಳಗಿನಿಂದ ಅಂಟಿಸಿದರೆ ದಪ್ಪ ಗೋಡೆಯ ಹಿಂದೆ ಗಾಜು ಕುಳಿಬಿದ್ದಂತೆ ಕಾಣುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ದ್ರವವನ್ನು ಕಿಟಕಿಯ ತೂತಿಗೆ ಪೊರೆಯಂತೆ ತುಂಬುವುದು ಇನ್ನೊಂದು ಹಾದಿ, ಚಿಕ್ಕ ಕಿಟಕಿಗಳಿಗೆ ಚೆನ್ನ. ಮೂರನೆಯದು ಎಲ್ಲ ತೂತುಗಳನ್ನೂ ಮುಚ್ಚಿ, ಉಜ್ಜಿ, ಕೊನೆಗೆ ಕಿಟಕಿಯ ಡೀಕಲ್ (ನೀರಿನಲ್ಲಿ ನೆನೆಸಿ ಕೂರಿಸುವ ತೆಳು ಚಿತ್ರ) ಅಂಟಿಸುವುದು. ಇದು ಮೋಸ ಎನ್ನುವವರಿದ್ದಾರೆ. ಆದರೆ ನೈಜ ವಿಮಾನವನ್ನು ದೂರದಿಂದ ನೋಡಿದಾಗ ಕಿಟಕಿ ಕಾಣುವುದು ಕಪ್ಪಗಿನ ಚೌಕವಾಗಿಯೇ. ಒಡಲನ್ನು ತಡೆಯಿಲ್ಲದೆ ಉಜ್ಜಲು ಸಿಗುವ ಸ್ವಾತಂತ್ರ್ಯವನ್ನೂ ಸೇರಿಸಿಕೊಂಡರೆ 1:144ರಲ್ಲಿ ಇದೇ ಮೇಲು. 1:72ರಲ್ಲಿ ಹತ್ತಿರದಿಂದ ನೋಡುವ ಕಣ್ಣಿಗೆ ಚಿತ್ರದ ಕಿಟಕಿ ಸಪ್ಪೆ. ಕಾಕ್‌ಪಿಟ್‌ನ ಗಾಜಂತೂ ನಿಜವಾದದ್ದೇ ಇರಬೇಕು. ಅದನ್ನು ಒಡಲಿನ ಜೊತೆಗೇ ಉಜ್ಜಿ ಸಮ ಮಾಡಿ, ಮಂಕಾದ ಪ್ಲಾಸ್ಟಿಕನ್ನು ನಯವಾದ ಪುಡಿಯಿಂದ ಮತ್ತೆ ಪಾರದರ್ಶಕವಾಗುವವರೆಗೆ ಪಾಲಿಶ್ ಮಾಡುತ್ತಾರೆ.

ರೆಕ್ಕೆಯ ತೊಂದರೆ ಬುಡದಲ್ಲಿದೆ. ಒಡಲಿಗೂ ರೆಕ್ಕೆಗೂ ನಡುವೆ ಒಂದು ಮಿಲಿಮೀಟರ್ ಸಂದು ಉಳಿದರೆ ಅದು ನೈಜ ವಿಮಾನದಲ್ಲಿ ಏಳು ಸೆಂಟಿಮೀಟರಿಗಿಂತ ಅಗಲದ ಬಿರುಕು. ಪುಟ್ಟಿ ತುಂಬುವುದು ಸುಲಭದ ಉತ್ತರ, ಆದರೆ ಆ ಮೂಲೆಯಲ್ಲಿ ಉಜ್ಜುವುದು ಸುಲಭವಲ್ಲ. ಅದಕ್ಕಿಂತ ಒಳ್ಳೆಯದು ಸಂದನ್ನೇ ಹುಟ್ಟದಂತೆ ಮಾಡುವುದು: ಒಡಲೊಳಗೆ ಅಡ್ಡಲಾಗಿ ಪ್ಲಾಸ್ಟಿಕ್ ಕಡ್ಡಿ ತುರುಕಿ ಅದನ್ನು ತುಸು ಅಗಲಿಸಿ ರೆಕ್ಕೆಗೆ ತಾಗಿಸುವುದು, ಅಥವಾ ರೆಕ್ಕೆಯ ಮೇಲು ಹೋಳನ್ನು ಮೊದಲು ಒಡಲಿಗೆ ಅಂಟಿಸಿ, ಕೆಳ ಹೋಳನ್ನು ಆಮೇಲೆ ಸೇರಿಸುವುದು. ಎರಡನೆಯದರಲ್ಲಿ ಸಂದು ಕಣ್ಣಿಗೆ ಬೀಳದ ಕೆಳಬದಿಗೆ ಹೋಗುತ್ತದೆ. ರೆಕ್ಕೆಗಳು ಮೇಲ್ಮುಖವಾಗಿ ಏರಿರುವ ಕೋನ ಎರಡೂ ಬದಿಗೆ ಒಂದೇ ಆಗಿರಬೇಕು. ರಟ್ಟಿನಲ್ಲಿ ಕೋನ ಕತ್ತರಿಸಿ ಕೆಳಗೆ ಆಸರೆ ಕೊಟ್ಟು ಒಣಗಿಸಿದರೆ ಕಣ್ಣಳತೆಯ ಹಂಗಿಲ್ಲ. ಮೂರು ಬಾಲಗಳನ್ನೂ ಹೀಗೆಯೇ ರಟ್ಟಿನ ಚೌಕಟ್ಟಿನಲ್ಲಿ ಹಿಡಿದಿಡಬೇಕು. ಅವುಗಳಲ್ಲಿ ಒಂದು ಎರಡು ಡಿಗ್ರಿ ವಾಲಿದರೂ ಹಿಂದಿನಿಂದ ನೋಡಿದ ಕ್ಷಣವೇ ಗೊತ್ತಾಗುತ್ತದೆ, ಏಕೆಂದರೆ ಹೋಲಿಸಲು ಪಕ್ಕದಲ್ಲೇ ಇನ್ನೆರಡಿವೆ.

ಇಷ್ಟಾದ ಮೇಲೆ ಉಜ್ಜುವ ಪರ್ವ. ಸಂದುಗಳಿಗೆ ಪುಟ್ಟಿ, ಕೂದಲೆಳೆಯ ಬಿರುಕಿಗೆ ಫೆವಿಕ್ವಿಕ್‌ನಂಥ ಅಂಟು. ಈ ಅಂಟನ್ನು ಅದೇ ಹೊತ್ತಿನಲ್ಲಿ ಉಜ್ಜಿಬಿಡಬೇಕು. ಒಂದು ರಾತ್ರಿ ಬಿಟ್ಟರೆ ಅದು ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜಿದಾಗ ಪ್ಲಾಸ್ಟಿಕ್ ಸವೆದು ಅಂಟು ದಿಣ್ಣೆಯಾಗಿ ಉಳಿಯುತ್ತದೆ. ಎಮರಿ ಪೇಪರ್ 400ರಿಂದ ಮೊದಲಾಗಿ 600, 1000, 2000 ಎಂದು ನಯವಾಗುತ್ತ ಹೋಗುತ್ತದೆ. ನಡುನಡುವೆ ಬೂದುಬಣ್ಣದ ಪ್ರೈಮರ್ ಸಿಂಪಡಿಸಿ ದೀಪದ ಓರೆ ಬೆಳಕಿನಲ್ಲಿ ತಿರುಗಿಸಿ ನೋಡಬೇಕು. ಬಿಳಿ ಪ್ಲಾಸ್ಟಿಕ್‌ನ ಮೇಲೆ ಅಡಗಿದ್ದ ದೋಷಗಳೆಲ್ಲ ಬೂದುಬಣ್ಣದ ಮೇಲೆ ಎದ್ದು ನಿಲ್ಲುತ್ತವೆ. ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ಈ ಸುತ್ತುಗಳಿಗೆ ಲೆಕ್ಕವಿಲ್ಲ. ಬಹಳಷ್ಟು ಕಿಟ್‌ಗಳು ಅರ್ಧಕ್ಕೆ ನಿಂತು ಪೆಟ್ಟಿಗೆಗೆ ಮರಳುವುದೂ ಇದೇ ಹಂತದಲ್ಲಿ.

ಉಜ್ಜುವಾಗ ಕಿಟ್‌ನ ಉಬ್ಬುಗೆರೆಗಳೆಲ್ಲ ಅಳಿಸಿಹೋಗುತ್ತವೆ. ಅವುಗಳ ಜಾಗದಲ್ಲಿ ಸೂಜಿಯಿಂದ ತಗ್ಗುಗೆರೆ ಕೊರೆಯಬೇಕೇ ಎಂಬುದು ಮಾದರಿಗಾರರಲ್ಲಿ ಹಳೆಯ ಜಗಳ. ದಪ್ಪನೆಯ ಟೇಪನ್ನು ಅಂಚಾಗಿ ಹಿಡಿದು ನೂರಾರು ಗೆರೆ ಕೊರೆಯುವವರ ತಾಳ್ಮೆ ದೊಡ್ಡದು, ಸಂಶಯವಿಲ್ಲ. ಆದರೆ 0.2 ಮಿಲಿಮೀಟರ್ ಅಗಲದ ಗೀರು ನೈಜ ಅಳತೆಯಲ್ಲಿ 14 ಮಿಲಿಮೀಟರ್ ಆಗುತ್ತದೆ. ಅಷ್ಟಗಲದ ಕಾಲುವೆಗಳು ಮೈತುಂಬ ಇರುವ ವಿಮಾನವನ್ನು ಲಾಕ್‌ಹೀಡ್ ಎಂದೂ ಮಾಡಲಿಲ್ಲ. ಬಾಗಿಲು, ರೆಕ್ಕೆಯ ಚಲಿಸುವ ಭಾಗಗಳು, ಎಂಜಿನ್ ಕವಚದ ಮುಚ್ಚಳಗಳು ಇವಿಷ್ಟಕ್ಕೆ ಗೆರೆ ಕೊರೆದು, ಉಳಿದ ಲೋಹದ ಹಾಳೆಗಳನ್ನು ಬಣ್ಣದ ಛಾಯೆಯಿಂದಲೇ ಬೇರ್ಪಡಿಸುವುದು ಕಣ್ಣಿಗೂ ಹಿತ, ಲೆಕ್ಕಕ್ಕೂ ಸರಿ.

ಬಣ್ಣದಲ್ಲಿ ಬಿಳಿಯದು ಮೊದಲ ಸರದಿ. ಬಿಳಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ, ಗಾಢ ಬಣ್ಣದ ಮೇಲೆ ಅದು ಏರುವುದೇ ಇಲ್ಲ. ಏರ್‌ಬ್ರಷ್‌ನಿಂದ ತೆಳ್ಳಗೆ ಹಲವು ಪದರ ಹಾಕಬೇಕು, ದಪ್ಪಗೆ ಒಮ್ಮೆ ಬಳಿದರೆ ಕಿಟಕಿಯ ಅಂಚುಗಳಲ್ಲಿ ತುಂಬಿಕೊಳ್ಳುತ್ತದೆ. ಬಿಳಿ ಚೆನ್ನಾಗಿ ಆರಿದ ಮೇಲೆ ಅದನ್ನು ಟೇಪಿನಿಂದ ಮುಚ್ಚಿ ಕೆಳಗಿನ ಲೋಹಕ್ಕೆ ಇಳಿಯುವುದು. ಲೋಹದ ಹೊಳಪು ಬಣ್ಣದಿಂದ ಬರುವುದಕ್ಕಿಂತ ಅದರ ಕೆಳಗಿನ ಮೈಯಿಂದ ಬರುತ್ತದೆ. ಹೊಳೆಯುವ ಕಪ್ಪು ಬಣ್ಣವನ್ನು ಕನ್ನಡಿಯಂತೆ ಹಾಕಿ, ಅದರ ಮೇಲೆ ಅತಿಸೂಕ್ಷ್ಮ ಅಲ್ಯೂಮಿನಿಯಂ ಕಣಗಳಿರುವ ಲ್ಯಾಕರನ್ನು ಮಂಜಿನಂತೆ ಸಿಂಪಡಿಸುತ್ತಾರೆ. ಕಪ್ಪಿನಲ್ಲಿ ಒಂದು ಧೂಳಿನ ಕಣ ಇದ್ದರೂ ಲೋಹದಲ್ಲಿ ಅದು ಗುಳ್ಳೆ. ನೈಜ ವಿಮಾನದ ಹಾಳೆಗಳು ಒಂದೇ ಅಲ್ಯೂಮಿನಿಯಂ ಆದರೂ ಹಾಳೆಯನ್ನು ಲಟ್ಟಿಸಿದ ದಿಕ್ಕು ಬೇರೆಯಾದಲ್ಲಿ ಒಂದು ಬೆಳ್ಳಗೆ, ಒಂದು ಮಂಕಾಗಿ ಕಾಣುತ್ತವೆ. ಅಲ್ಲಲ್ಲಿ ಟೇಪು ಹಚ್ಚಿ ಎರಡು ಮೂರು ಛಾಯೆ ಸಿಂಪಡಿಸಿದರೆ ಆ ವ್ಯತ್ಯಾಸ ಬರುತ್ತದೆ. ಬಣ್ಣದ ಬದಲು ಅಂಟಿರುವ ತೆಳು ಲೋಹದ ಹಾಳೆಯನ್ನೇ ತುಂಡುತುಂಡಾಗಿ ಹೊದಿಸುವವರೂ ಇದ್ದಾರೆ. ನಿಜವಾದ ಲೋಹಕ್ಕೆ ಸರಿಸಾಟಿಯಿಲ್ಲ, ಆದರೆ ಬಾಗಿದ ಮೂತಿಯ ಮೇಲೆ ಅದನ್ನು ಸುಕ್ಕಿಲ್ಲದೆ ಕೂರಿಸುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಕರಾವಳಿಯ ಮಳೆಗಾಲದಲ್ಲಿ ಲ್ಯಾಕರ್ ಸಿಂಪಡಿಸುವುದು ಆಪತ್ತಿನ ಕೆಲಸ. ದ್ರಾವಕ ವೇಗವಾಗಿ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು, ಹೊಳಪು ಹಾಲುಬಿಳುಪಿಗೆ ತಿರುಗುತ್ತದೆ. ಬಣ್ಣದಂಗಡಿಯ ಸಾಮಾನ್ಯ ಎನ್‌ಸಿ ಥಿನ್ನರ್ ಬೆರೆಸಿದರೆ ಇನ್ನೂ ಕೇಡು, ಅದು ಪ್ಲಾಸ್ಟಿಕನ್ನೇ ಕಚ್ಚಿ ಬಿರುಕು ಬಿಡಿಸಬಲ್ಲದು.

ಏರ್ ಇಂಡಿಯಾದ ಸೂಪರ್ ಕಾನ್‌ಸ್ಟಲೇಷನ್‌ಗೆ ಬಿಳಿ ಮತ್ತು ಲೋಹದ ನಡುವೆ ಕಿಟಕಿಗುಂಟ ಕೆಂಪು ಪಟ್ಟಿ. ಮಾದರಿಯ ಹಣೆಬರಹ ಬಹುಮಟ್ಟಿಗೆ ಈ ಪಟ್ಟಿಯಲ್ಲಿದೆ. ಕಿಟ್‌ನೊಂದಿಗೆ ಬರುವ ಡೀಕಲ್ ಚಪ್ಪಟೆ ಕಾಗದದ ಮೇಲೆ ಅಚ್ಚಾಗಿರುತ್ತದೆ, ಒಡಲು ಎರಡೂ ದಿಕ್ಕಿಗೆ ಬಾಗಿದೆ. ನಡುಭಾಗದಲ್ಲಿ ಪಟ್ಟಿ ಚೆನ್ನಾಗಿ ಕೂತರೂ ಮೂತಿಯತ್ತ ಅದು ಮೇಲಕ್ಕೆ ಓಡುತ್ತದೆ, ಇಲ್ಲವೇ ಸುಕ್ಕುಗಟ್ಟುತ್ತದೆ. ಅಲ್ಲಲ್ಲಿ ಕತ್ತರಿಸಿ ಕೂಡಿಸುವುದಕ್ಕಿಂತ ಪಟ್ಟಿಯನ್ನು ಟೇಪು ಹಚ್ಚಿ ಬಣ್ಣದಲ್ಲೇ ಮಾಡುವುದು ಲೇಸು. ಗೆರೆ ಎಲ್ಲಿ ಹಾಯಬೇಕು ಎಂಬುದಕ್ಕೆ ಕಿಟಕಿಗಳ ಸಾಲೇ ಅಳತೆಗೋಲು; ಬಾಗಿದ ಬೆನ್ನನ್ನೋ ಹೊಟ್ಟೆಯನ್ನೋ ನೋಡಿ ಎಳೆದರೆ ಗೆರೆ ದಾರಿ ತಪ್ಪುತ್ತದೆ. ಕಿರಿದಾದ ಟೇಪು ಬಾಗಿದಲ್ಲಿ ಬಾಗುತ್ತದೆ, ಅಗಲದ್ದು ಬಾಗುವುದಿಲ್ಲ. ಒಂದು ಬದಿ ಮುಗಿಸಿ ಮೂತಿಯ ಎದುರು ನಿಂತು ನೋಡಿ, ಇನ್ನೊಂದು ಬದಿಯ ಟೇಪು ಅದೇ ಎತ್ತರದಲ್ಲಿ ಸೇರುತ್ತದೆಯೇ ಎಂದು ಖಾತ್ರಿಯಾದ ಮೇಲೆಯೇ ಸಿಂಪಡಿಸಬೇಕು.

ಅಕ್ಷರಗಳು, ‘ವಿಟಿ’ ಎಂದು ಮೊದಲಾಗುವ ಭಾರತದ ನೋಂದಣಿ ಗುರುತು, ಸೆಂಟಾರ್ ಲಾಂಛನ, ಮೂತಿಯ ಮೇಲಿನ ರಾಣಿಯ ಹೆಸರು ಇವೆಲ್ಲ ಡೀಕಲ್‌ಗಳೇ. ಇವನ್ನು ಹೊಳಪಿನ ಮೈಯ ಮೇಲೆಯೇ ಅಂಟಿಸಬೇಕು. ಒರಟು ಮೈಯ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಅಕ್ಷರದ ಸುತ್ತ ಬೆಳ್ಳಿಯ ಛಾಯೆ ಉಳಿದು, ಅಂಟಿಸಿದ್ದು ಎದ್ದು ಕಾಣುತ್ತದೆ. ಹಳೆಯ ಕಿಟ್‌ನ ಡೀಕಲ್ ಹಾಳೆ ಹಳದಿಗಟ್ಟಿದ್ದರೆ ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಟ್ಟರೆ ಬಣ್ಣ ತಿಳಿಯಾಗುತ್ತದೆ. ಆದರೂ ಮೊದಲು ಬೇಡದ ಗುರುತೊಂದನ್ನು ನೀರಿಗೆ ಹಾಕಿ ನೋಡಬೇಕು, ಮುಪ್ಪಾದ ಡೀಕಲ್ ನೀರಿನಲ್ಲೇ ಚೂರಾಗುವುದುಂಟು.

ಉಳಿದದ್ದು ಸಣ್ಣ ಕೆಲಸಗಳು, ಸಂಖ್ಯೆಯಲ್ಲಿ ಸಣ್ಣವಲ್ಲ. ಹದಿನೆಂಟು ಸಿಲಿಂಡರ್‌ಗಳ ರೈಟ್ ಎಂಜಿನ್‌ಗಳು ಕವಚದೊಳಗೆ ಅರೆಬರೆ ಕಾಣುತ್ತವೆ; ಕಿಟ್‌ನ ಚಪ್ಪಟೆ ಬಿಲ್ಲೆಯ ಬದಲು ಈಗ ತ್ರೀಡಿ ಮುದ್ರಣದ ಬಿಡಿ ಎಂಜಿನ್‌ಗಳು ಸಿಗುತ್ತವೆ. ನಾಲ್ಕು ಪ್ರೊಪೆಲ್ಲರ್‌ಗಳ ಹನ್ನೆರಡು ಅಲಗುಗಳೂ ಒಂದೇ ಕೋನಕ್ಕೆ ತಿರುಗಿರಬೇಕು. ಎಂಜಿನ್‌ಗಳ ಹಿಂದೆ ಬಿಸಿ ಹೊಗೆ ತಾಗುವಲ್ಲಿ ಕಂದು ಛಾಯೆ ತೆಳ್ಳಗೆ ಇರಲಿ, ಹೆಚ್ಚು ಬೇಡ. ವಿಮಾನಯಾನ ಸಂಸ್ಥೆಗಳು ತಮ್ಮ ವಿಮಾನಗಳನ್ನು ತೊಳೆಯುತ್ತಿದ್ದವು. ಒಡಲಿನಿಂದ ಬಾಲಕ್ಕೆ ಎಳೆದ ರೇಡಿಯೊ ತಂತಿಗೆ ಕಿಟ್‌ನ ಪ್ಲಾಸ್ಟಿಕ್ ಕಡ್ಡಿಯನ್ನೇ ಮೋಂಬತ್ತಿಯ ಮೇಲೆ ಕಾಯಿಸಿ ಎಳೆದರೆ ಕೂದಲಿನಷ್ಟು ತೆಳುವಾದ ಎಳೆ ಸಿಗುತ್ತದೆ. ಹಿಗ್ಗುವ ನೈಲಾನ್ ದಾರ ಇನ್ನೂ ಬಾಳಿಕೆಯದು, ಒರೆಸುವಾಗ ಬೆರಳು ತಾಗಿದರೂ ಮುರಿಯುವುದಿಲ್ಲ. ತಂತಿ ಕಟ್ಟುವುದು ಎಲ್ಲಕ್ಕಿಂತ ಕೊನೆಗೆ.

ಮುಗಿದ ಮಾದರಿಗೆ ಅರ್ಧ ಮೀಟರಿಗೂ ಮಿಕ್ಕ ಜಾಗ ಬೇಕು, ಮುಚ್ಚಿದ ಗಾಜಿನ ಪೆಟ್ಟಿಗೆಯಾದರೆ ಒಳ್ಳೆಯದು. ನೇರ ಬಿಸಿಲು ಬೀಳುವಲ್ಲಿ ಇಟ್ಟರೆ ಬಿಳಿ ಬಣ್ಣವೂ ಪಾರದರ್ಶಕ ಭಾಗಗಳೂ ಹಳದಿಯಾಗುತ್ತವೆ. ಧೂಳನ್ನು ಬಟ್ಟೆಯಿಂದ ಒರೆಸಿದರೆ ಲೋಹದ ಬಣ್ಣದ ಮೇಲೆ ಗೀರು ಬೀಳುತ್ತದೆ. ಮೆತ್ತನೆಯ ಅಗಲದ ಬ್ರಷ್ ಸಾಕು. ಎತ್ತುವಾಗ ರೆಕ್ಕೆಯ ತುದಿಯನ್ನು ಹಿಡಿಯಬಾರದು. ಒಡಲಿನ ಕೆಳಗೆ, ರೆಕ್ಕೆಯ ಬುಡದ ಹತ್ತಿರ ಅಂಗೈ ಕೊಟ್ಟು ಎತ್ತಬೇಕು.